ಇಲ್ದಿದ್ರೆ ಮೇಡಂ

ಮೊನ್ನೆ ನಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿದೆ. ಹಂಚಿದೆ ಅಂದರೆ ಸುಮ್ಮನೆ ಅಲ್ಲ, ಗೇಟು ಗೇಟಿಗೂ ನಿಂತು, ಬೆಲ್ಲು ಒತ್ತಿ, ಬಾಗಿಲು ತೆಗೆದವರ ಬಾಯಿಗೆ ಒಂದು ತುಂಡು ಇಟ್ಟು, ಆಮೇಲೆ ಡಬ್ಬಿ ಕೊಟ್ಟೆ. ಸಕ್ಕರೆ ಕಾಯಿಲೆ ಅಂದವರಿಗೆ ಚಿಕ್ಕ ತುಂಡು ಇಟ್ಟೆ, ಬಿಡಲಿಲ್ಲ. ನೀರಿನ ಟ್ಯಾಂಕರು ತಂದವನು ಪೈಪು ಹಿಡಿದುಕೊಂಡೇ ಬಾಯಿ ತೆಗೆದ. ನನ್ನ ಮೊಮ್ಮಗಳು ಸಿಂಚನ ಕಾಲೇಜಿಗೆ ಸೇರಿದ್ದಾಳೆ. ಸೇರುವುದೇನು, ಎಲ್ಲರ ಮಕ್ಕಳೂ ಸೇರುತ್ತಾರೆ. ನಮ್ಮ ಸಿಂಚನ ಗಣಿತ ತಗೊಂಡಿದ್ದಾಳೆ! ಯಾರೂ ಹೊಡೆದು ಬಡಿದು ಕೊಡಿಸಿದ್ದಲ್ಲ, ಫಾರಂ ಕೊಡುವ ಕಿಟಕಿಯ ಮುಂದೆ ನಿಂತು ತಾನೇ ಬಾಯಿಬಿಟ್ಟು ಕೇಳಿದ್ದು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಿವಿಯಾರೆ ಕೇಳಿದೆ.

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಕಾವ್ಯಳ ಅಮ್ಮ ಮೈಸೂರು ಪಾಕು ಅಗಿಯುತ್ತಾ, "ಎಲ್ಲಾ ಆ ಮೇಲಿನ ಮನೆ ಮೇಡಂ ಪುಣ್ಯ ಕಣಜ್ಜಿ" ಅಂದಳು. ನನಗೆ ನಗು ಬಂದು ತುಪ್ಪ ಮೂಗಿಗೆ ಹತ್ತಿತು. ಯಾಕೆಂದರೆ ಆ ಮೇಡಂ ಅಲ್ಲೇ ನಿಂತಿದ್ದಿದ್ದರೆ, ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಕುತ್ತಿಗೆ ಒಂದು ಕಡೆ ವಾಲಿಸಿ, "ಹಾಗಂತ ಹೇಗೆ ಹೇಳ್ತೀರಿ? ನಾನು ಇಲ್ದಿದ್ರೆ?" ಅಂತ ಕೇಳುತ್ತಿದ್ದರು. ಆ ಒಂದು ಮಾತಿಗೆ ನಮ್ಮ ಬೀದಿಯಲ್ಲಿ ಅವರಿಗೆ ಇಲ್ದಿದ್ರೆ ಮೇಡಂ ಅಂತಲೇ ಹೆಸರು ಬಿದ್ದಿತ್ತು. ಹೆಸರಿಟ್ಟವಳು ನಾನೇ.

ಅವರು ನಮ್ಮ ಮನೆಗೆ ಬಂದದ್ದೇ ಒಂದು ಕಥೆ. ನಮ್ಮದು ಸುಬ್ರಹ್ಮಣ್ಯಪುರದಲ್ಲಿ ಮಹಡಿ ಮೇಲೆ ಮಹಡಿ ಇರುವ ಮನೆ. ಕೆಳಗೆ ಕಾವ್ಯಳ ಮನೆಯವರು, ನಡುವೆ ನಾನು, ಮಗ, ಸೊಸೆ, ಮೊಮ್ಮಗಳು. ಮೇಲೆ ಒಂದು ಪುಟ್ಟ ಮನೆ, ಅದರ ಮುಂದೆ ತಾರಸಿ. ಟು-ಲೆಟ್ ಬೋರ್ಡು ನೋಡಿ ಬರುವವರು ನೀರು ಬರುತ್ತಾ, ವಾಸ್ತು ಸರಿ ಇದೆಯಾ, ಗಾಡಿ ಎಲ್ಲಿ ನಿಲ್ಲಿಸೋದು ಅಂತ ಕೇಳುತ್ತಾರೆ. ಈಕೆ ಏನೂ ಕೇಳಲಿಲ್ಲ. ನಲ್ಲಿ ತಿರುಗಿಸಿದರು, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ತುಂಬುವುದನ್ನೇ ನೋಡಿದರು, ಎದ್ದು ಹೋದರು. ಸಾಯಂಕಾಲ ಮತ್ತೆ ಬಂದು ಅದೇ ನಲ್ಲಿ, ಅದೇ ಬಕೆಟ್ಟು. ನಲವತ್ತು ದಾಟಿದ ಹೆಂಗಸು, ಹತ್ತಿಯ ಚೂಡಿದಾರ, ಹೆಗಲಿಗೊಂದು ಜೋಲುವ ಚೀಲ. ಪಾಪ, ತಲೆ ಸ್ವಲ್ಪ ಹಿಂದೆಮುಂದೆ ಇರಬೇಕು ಅಂದುಕೊಂಡೆ.

ಮಾರನೆಯ ದಿನ ಬಂದು, "ನಿಮ್ಮನೆಗೇ ಬರ್ತೀನಿ ಅಜ್ಜಿ" ಅಂದರು.

ನನಗೆ ಖುಷಿಯಾಯಿತು. "ಅಷ್ಟು ಇಷ್ಟ ಆಯ್ತಾ?"

"ಜೆಪಿ ನಗರದಲ್ಲಿ ಇನ್ನೊಂದು ನೋಡಿದ್ದೆ. ಎರಡೂ ಒಂದೇ ಥರ ಇತ್ತು. ನಾಣ್ಯ ಹಾರಿಸ್ದೆ. ನಿಮ್ಮನೆ ಬಿತ್ತು."

"ಥೂ, ಬಿಡ್ತು ಅನ್ರೀ! ಮನೆ ಬಿತ್ತು ಅಂತೀರಲ್ಲ! ಅಲ್ಲಾ, ನನ್ನ ಮನೆಗೆ ನಾಣ್ಯ ಹಾಕಿ ಬಂದ್ರಾ ನೀವು?"

"ಬಿಡ್ತು ಬಿಡ್ತು" ಅಂದರು, ಸ್ಕೂಲು ಹುಡುಗಿಯ ಹಾಗೆ. ಅಡ್ವಾನ್ಸು ಇಸಕೊಳ್ಳುವಾಗಲೂ ನನಗೆ ಸಿಟ್ಟು ಇಳಿದಿರಲಿಲ್ಲ.

ಈ ನಾಣ್ಯದ ಹುಚ್ಚು ಬರೀ ಮನೆಗಲ್ಲ. ಬನಶಂಕರಿಗೆ ಯಾವ ಬಸ್ಸಲ್ಲಿ ಹೋಗುವುದು, ಸೊಪ್ಪಿನವಳ ಹತ್ತಿರ ದಂಟೋ ಮೆಂತ್ಯವೋ, ಎಲ್ಲಕ್ಕೂ ಚೀಲದಿಂದ ಒಂದು ನಾಣ್ಯ ಹೊರಗೆ ಬರುತ್ತಿತ್ತು. ಸೊಪ್ಪಿನವಳು ಕಾದು ಕಾದು, "ಅಕ್ಕಾ, ಎರಡೂ ತಗೊಳ್ಳಿ, ಆ ದುಡ್ಡನ್ನ ನಂಗೇ ಕೊಟ್ಟುಬಿಡಿ" ಅಂದಿದ್ದಳು. ಇಷ್ಟೆಲ್ಲ ಮಾಡುವವರಿಗೆ ತಮ್ಮ ಕನ್ನಡಕ ತಲೆಯ ಮೇಲಿದೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಹುಡುಕಿಕೊಂಡು ಕೆಳಗೆ ಬರುತ್ತಿದ್ದರು, ನಾನು ಅವರ ತಲೆಯನ್ನು ತೋರಿಸುತ್ತಿದ್ದೆ, "ಓ" ಅಂದು ವಾಪಸ್ಸು ಹತ್ತುತ್ತಿದ್ದರು.

ಒಂದು ಸಲ ನನಗೆ ಕೆಟ್ಟ ನೆಗಡಿ. ಮೆಣಸಿನ ಕಷಾಯ ಕುಡಿದೆ, ನಿಂತುಹೋಯಿತು. ಹೆಮ್ಮೆಯಿಂದ ಹೇಳಿದೆ. ಮೇಡಂ ಗಲ್ಲಕ್ಕೆ ಎರಡು ಬೆರಳು ತಟ್ಟುತ್ತಾ, "ಇಲ್ದಿದ್ರೆ?" ಅಂದರು.

"ಇಲ್ದಿದ್ರೆ ಇನ್ನೂ ನಾಲ್ಕು ದಿನ ಸೋರ್ತಿತ್ತು!"

"ನೋಡಿದ್ರಾ?"

"ಎಲ್ಲಿ ನೋಡೋದು? ನಂಗಿರೋದು ಒಂದೇ ಮೂಗು!"

"ಅದೇ ಅಜ್ಜಿ ಕಷ್ಟ. ಒಬ್ಬೊಬ್ಬರಿಗೆ ಒಂದೇ ಮೂಗು. ಕಷಾಯ ಕುಡಿದ ಮೂಗನ್ನ ನೋಡಬಹುದು, ಅದೇ ಮೂಗು ಕುಡೀದೆ ಇದ್ದಿದ್ರೆ ಹೇಗಿರ್ತಿತ್ತು ಅಂತ ನೋಡೋಕಾಗಲ್ಲ. ಅದಕ್ಕೇ ತುಂಬಾ ಮೂಗು ಬೇಕು. ಚೀಟಿ ಎತ್ತಿ ಅರ್ಧಕ್ಕೆ ಕಷಾಯ, ಅರ್ಧಕ್ಕೆ ಬಿಸಿನೀರು."

"ಬಿಸಿನೀರು ಬಂದವರು ನಿಮ್ಮನ್ನ ಬೈಯಲ್ವಾ?"

"ಬೈತಾರೆ" ಅಂದರು. ಆಗ ನನಗೆ ಗೊತ್ತಿರಲಿಲ್ಲ, ಮುಂದೆ ಬೈಯುವವಳು ನಾನೇ ಅಂತ.

ಬನಶಂಕರಮ್ಮನಿಗೆ ಮಂಗಳವಾರ ನಿಂಬೆಹಣ್ಣಿನ ದೀಪ ಹಚ್ಚಿ ಮಂಡಿನೋವು ಕಡಿಮೆಯಾಯಿತು ಅಂದಾಗಲೂ ಬಿಡಲಿಲ್ಲ, ಬಾಯಿ ತೆಗೆದೇ ಬಿಟ್ಟರು. ನಾನು, "ಇಲ್ದಿದ್ರೆ ಅಂತ ನೋಡೋಕೆ ಒಂದು ಮಂಗಳವಾರ ಬಿಟ್ಟುಬಿಡ್ಲಾ? ಅಮ್ಮ ಸುಮ್ನಿರ್ತಾಳಾ?" ಅಂದೆ. ಮೇಡಂ ಗಾಬರಿಯಾಗಿ, "ಬೇಡ ಬೇಡ, ಬಿಡಬೇಡಿ. ಎಲ್ಲಾನೂ ಪ್ರಯೋಗ ಮಾಡೋ ಹಾಗಿಲ್ಲ" ಅಂದರು. ಅಷ್ಟು ಬುದ್ಧಿ ಇತ್ತು.

ಮೊಸರಿನ ಪಂದ್ಯದ ಬಗ್ಗೆ ಹೇಳಲೇಬೇಕು. ಚಳಿಗಾಲದಲ್ಲಿ ಮೊಸರು ನೀರು ನೀರಾಗುತ್ತದೆ, ಹಸಿಮೆಣಸಿನಕಾಯಿ ತೊಟ್ಟು ಹಾಕಿದರೆ ಗಟ್ಟಿಯಾಗುತ್ತದೆ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ಮೇಡಂ ಅದಕ್ಕೂ ಇಲ್ದಿದ್ರೆ ಅಂದರು. ಸರಿ, ಅವರ ಅಡುಗೆಮನೆಯಲ್ಲಿ ಎರಡು ಬಟ್ಟಲು, ಒಂದೇ ಹಾಲು, ಒಂದೇ ಹೆಪ್ಪು. ಒಂದಕ್ಕೆ ತೊಟ್ಟು ಉಂಟು, ಒಂದಕ್ಕೆ ಇಲ್ಲ. ಬೆಳಿಗ್ಗೆ ತೊಟ್ಟು ತೆಗೆದುಬಿಟ್ಟು, ಯಾವುದು ಯಾವುದು ಅಂತ ಹೇಳದೆ, ಕಣ್ಣು ಮುಚ್ಚಿಸಿ ತಿನ್ನಿಸಿದರು. ಎರಡೂ ಒಂದೇ ಥರ ಗಟ್ಟಿ.

"ಸೋತ್ರಿ ಅಜ್ಜಿ."

"ನಾನ್ಯಾಕೆ ಸೋಲಲಿ? ಪಕ್ಕಪಕ್ಕದಲ್ಲೇ ಇಟ್ಟಿದ್ರಲ್ಲ. ಮೆಣಸಿನಕಾಯಿ ಬಟ್ಟಲಿನ ಗಾಳಿ ಇದಕ್ಕೂ ಬಡಿದಿದೆ. ಅದನ್ನ ನೋಡಿ ಇದೂ ಕಲ್ತುಕೊಂಡಿದೆ."

ನಗುತ್ತಿದ್ದ ಮೇಡಂ ನಗು ನಿಲ್ಲಿಸಿದರು. ಅಡುಗೆ ಕಟ್ಟೆಗೆ ಒರಗಿಕೊಂಡು, "ಅಜ್ಜಿ, ಒಂದರ ಗಾಳಿ ಇನ್ನೊಂದಕ್ಕೆ ಬಡಿಯೋದು, ಇದೇ ನಮ್ಮ ಆಫೀಸಿನ ದೊಡ್ಡ ತಲೆನೋವು" ಅಂದರು. ಮುಂದಿನ ಸಲ ಒಂದು ಬಟ್ಟಲು ಅವರ ಮನೆಯಲ್ಲಿ, ಮೆಣಸಿನಕಾಯಿಯದು ನಮ್ಮ ಮನೆಯಲ್ಲಿ ಅಂತ ಆಯಿತು. ನನ್ನದೇ ಗಟ್ಟಿಯಾಯಿತು. ಆದರೆ ನಾನು ಬಟ್ಟಲಿಗೆ ನಮ್ಮ ಯಜಮಾನರ ಉಣ್ಣೆ ಶಾಲು ಸುತ್ತಿಟ್ಟಿದ್ದನ್ನು ಸಿಂಚನ ಹೋಗಿ ಹೇಳಿಬಿಟ್ಟಳು. ಮನೆಯವರೇ ಹೀಗೆ ಮಾಡಿದರೆ ಏನು ಮಾಡೋದು.

ಅವರ ಕೆಲಸ ಏನು ಅಂತ ನನಗೆ ತಿಳಿಯುವುದಕ್ಕೆ ಒಂದು ಮಳೆಗಾಲ ಬೇಕಾಯಿತು. ಬಿಟಿಎಂ ಕಡೆ ಒಂದು ಆಫೀಸು. ಶಾಲೆ ಮಕ್ಕಳಿಗೆ ಫೋನಿನಲ್ಲಿ ಪಾಠ ಬರುತ್ತದಲ್ಲ, ಅದನ್ನು ಮಾಡುವವರು. ಆದರೆ ಇವರು ಪಾಠ ಬರೆಯುವವರೂ ಅಲ್ಲ, ಹೇಳಿಕೊಡುವವರೂ ಅಲ್ಲ. ಒಂದೇ ಲೆಕ್ಕವನ್ನು ಎರಡು ಥರ ಹೇಳಿಕೊಟ್ಟರೆ, ಯಾವುದರಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಅಂತ ಕಂಡುಹಿಡಿಯುವವರು. ಮಗು ತಪ್ಪು ಮಾಡಿತು ಅನ್ನಿ. ಒಂದು ಥರದ ಪಾಠದಲ್ಲಿ ಫೋನು ತಕ್ಷಣ ದಾರಿ ತೋರಿಸುತ್ತದೆ, ಹೀಗೆ ಮಾಡು ಅಂತ. ಇನ್ನೊಂದು ಥರದಲ್ಲಿ ಏನೂ ಹೇಳುವುದಿಲ್ಲ, "ನಿನಗೆ ಇದು ಹೇಗೆ ಬಂತು, ಹೇಳು ನೋಡೋಣ" ಅಂತ ತಿರುಗಿಸಿ ಕೇಳುತ್ತದೆ. ಯಾವ ಮಗುವಿಗೆ ಯಾವುದು ಅನ್ನುವುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತದೆ.

"ಎರಡರಲ್ಲಿ ಯಾವುದು ಒಳ್ಳೇದು?" ಅಂತ ಕೇಳಿದೆ.

"ಗೊತ್ತಿಲ್ಲ."

"ಇಷ್ಟು ಓದಿದೀರಿ, ಗೊತ್ತಿಲ್ವಾ?"

"ಗೊತ್ತಿಲ್ಲ ಅಂತ ಹೇಳೋಕೇ ನಂಗೆ ಸಂಬಳ ಅಜ್ಜಿ. ಗೊತ್ತು ಅನ್ನೋರು ಆಫೀಸಲ್ಲಿ ಬೇಕಾದಷ್ಟು ಜನ ಇದಾರೆ."

ಕೊನೆಗೆ ಅವರ ಆಸೆ ಏನೆಂದರೆ, ಪ್ರತಿ ಮಗುವಿಗೂ ಅದಕ್ಕೆ ಹೊಂದುವ ಪಾಠವೇ ಸಿಗಬೇಕು ಅಂತ. ಅದು ನನಗೆ ಕೂಡಲೇ ಅರ್ಥವಾಯಿತು. ನಮ್ಮ ಮನೆಯಲ್ಲಿ ಹುಳಿ ಮಾಡುವಾಗ ಖಾರ ಹಾಕುವ ಮೊದಲೇ ಸಿಂಚನಳ ಪಾಲು ಎತ್ತಿಡುತ್ತೇನೆ, ಉಪ್ಪು ಹಾಕುವ ಮೊದಲು ನನ್ನ ಪಾಲು, ಉಳಿದದ್ದು ಮಗನಿಗೆ. ಹಾಗೆ ಹೇಳಿದೆ. "ಯಾರಿಗೆ ಯಾವುದು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂದರು. "ತಿಂದು ಮುಖ ಸಿಂಡರಿಸಿದ್ದು ನೋಡಿ." "ನಾವೂ ಅದನ್ನೇ ಮಾಡೋದು. ಮುಖ ಮಾತ್ರ ಕಾಣಲ್ಲ, ಲಕ್ಷ ಜನ" ಅಂದರು.

ಈಗ ಸಿಂಚನಳ ವಿಷಯ. ಅವಳಾಗ ಎಂಟನೇ ಕ್ಲಾಸು. ಗಣಿತದ ಪರೀಕ್ಷೆ ಇದ್ದ ದಿನವೇ ಅವಳಿಗೆ ಹೊಟ್ಟೆನೋವು. ಮೊದಮೊದಲು ನಾನು ಓಂಕಾಳು ಅಗಿಸುತ್ತಿದ್ದೆ. ಒಂದು ದಿನ ಅಗಿಯುತ್ತಾ ಅಗಿಯುತ್ತಾ ಹೇಳಿದಳು, "ಅಜ್ಜಿ, ಹೊಟ್ಟೇಲಿ ಏನಿಲ್ಲ. ನಾನು ದಡ್ಡಿ, ಅಷ್ಟೇ." ಅಳುತ್ತಾ ಹೇಳಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ನನ್ನ ಎತ್ತರ ಇಷ್ಟು, ನನ್ನ ಚಪ್ಪಲಿ ಸೈಜು ಇಷ್ಟು ಅನ್ನುವ ಹಾಗೆ ಹೇಳಿದಳು. ಅದೇ ನನಗೆ ಭಯವಾದದ್ದು. ಮಗನಿಗೆ ಹೇಳಿದರೆ, ಅವನು ಉತ್ತರಹಳ್ಳಿ ರಸ್ತೆಯಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟವನು, "ಬಿಡಮ್ಮಾ, ಹತ್ತನೇದು ಮುಗಿಸ್ಲಿ. ಅಂಗಡಿ ಇದೆಯಲ್ಲ, ಕೂತ್ಕೋತಾಳೆ" ಅಂದ. ಕೆಟ್ಟವನಲ್ಲ, ಅವನು ಪ್ರೀತಿಯಿಂದಲೇ ಹೇಳಿದ್ದು.

ನಾನು ಓದಿದ್ದು ನಾಲ್ಕನೇ ಕ್ಲಾಸು. "ಇವಳ ತಲೆಗೆ ಹತ್ತಲ್ಲ" ಅಂತ ಒಬ್ಬ ಮೇಷ್ಟ್ರು ನಮ್ಮಪ್ಪನ ಮುಂದೆ ಹೇಳಿದರು, ನಾನು ಕನಕಾಂಬರ ಬಿಡಿಸುವುದಕ್ಕೆ ಹೋದೆ. ಆ ಮಾತನ್ನು ಕೂದಲು ಬೆಳ್ಳಗಾಗುವವರೆಗೂ ನಂಬಿಕೊಂಡಿದ್ದೆ. ಪೇಪರು ಓದುವುದನ್ನು ಕಲಿತದ್ದೇ ಮಗನ ಮದುವೆಯಾದ ಮೇಲೆ. ಅದಕ್ಕೇ ಸಿಂಚನ ತಾನೇ ತನಗೆ ಆ ಮಾತು ಹೇಳಿಕೊಂಡಾಗ ನಾನು ಓಂಕಾಳಿನ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ. ಓಂಕಾಳಿನಿಂದ ಹೋಗುವ ನೋವಲ್ಲ ಅದು.

ಆ ವರ್ಷವೇ ಮೇಡಂ ಆಫೀಸಿನ ಪಾಠ ಸಿಂಚನಳ ಶಾಲೆಗೆ ಬಂತು. ಅಪ್ಪ ಅಮ್ಮ ಒಪ್ಪಿದರೆ ಮಾತ್ರ, ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು ಅಂತ ಶಾಲೆಯಲ್ಲಿ ಹೇಳಿ ಸಹಿ ಹಾಕಿಸಿಕೊಂಡರು. ನಾನು ಮನಸ್ಸಲ್ಲೇ ಮಂಡಿಗೆ ತಿಂದೆ. ಮೇಲಿನ ಮನೆಯವರದೇ ಪಾಠ, ನಮ್ಮ ಹುಡುಗಿ ಗೆದ್ದಳು! ಆದರೆ ಚೀಟಿಯಲ್ಲಿ, ಅವಳದೇ ಕ್ಲಾಸಿನ ಕೆಳಗಿನ ಮನೆ ಕಾವ್ಯಳಿಗೆ ದಾರಿ ತೋರಿಸುವ ಪಾಠ ಬಂತು, ಸಿಂಚನಳಿಗೆ ತಿರುಗಿಸಿ ಕೇಳುವ ಪಾಠ.

ಸಿಂಚನ ಫೋನನ್ನು ಸೋಫಾದ ಮೇಲೆ ಎಸೆದಳು. "ತಪ್ಪು ಮಾಡಿದ್ರೆ ಏನೂ ಹೇಳ್ಕೊಡಲ್ಲ ಅಜ್ಜಿ! ಹೇಗೆ ಬಂತು, ಯಾಕೆ ಬಂತು ಅಂತ ಕೊರೀತಾನೇ ಇರುತ್ತೆ. ಮೇಲಿನ ಮನೆ ಆಂಟಿ ಫೋನೊಳಗೆ ಸೇರ್ಕೊಂಡಿದಾರೆ!"

ಅವತ್ತು ಸಾಯಂಕಾಲವೇ ಹೋಳಿಗೆ ಮಾಡಿದೆ. ಬೇಳೆ ಹೋಳಿಗೆ, ಮೇಲೆ ತುಪ್ಪ. ತಟ್ಟೆ ಹಿಡಿದು ಮೇಲೆ ಹೋದೆ. ಮೇಡಂ ಒಂದು ತಿಂದು ಕಣ್ಣು ಮುಚ್ಚಿದರು. ಎರಡನೆಯದು ಕೈಗೆ ತಗೊಂಡಾಗ ಹೇಳಿದೆ, "ನಮ್ಮ ಹುಡುಗೀನ ಆ ಕಡೆ ಹಾಕ್ಬಿಡಿ."

ಹೋಳಿಗೆ ತಟ್ಟೆಗೆ ವಾಪಸ್ಸು ಬಂತು.

"ಆಗಲ್ಲ ಅಜ್ಜಿ."

"ಒಂದು ಗುಂಡಿ ಒತ್ತಿದ್ರೆ ಆಗೋ ಕೆಲಸ ಅಲ್ವಾ?"

"ಗುಂಡಿ ಇದೆ. ಒತ್ತೋ ಹಾಗಿಲ್ಲ. ನಂಗೆ ಬೇಕಾದ ಮಗೂನ ನಂಗೆ ಬೇಕಾದ ಕಡೆ ಹಾಕಿದ್ರೆ, ನಾಳೆ ಆ ಕಡೆಯವರು ಚೆನ್ನಾಗಿ ಕಲಿತ್ರು ಅಂದ್ಕೊಳ್ಳಿ. ಪಾಠದಿಂದ ಕಲಿತ್ರೋ, ಹೋಳಿಗೆ ತರೋ ಅಜ್ಜಿ ಮನೇಲಿ ಇದ್ದಿದ್ದಕ್ಕೆ ಕಲಿತ್ರೋ, ಹೇಗೆ ಹೇಳ್ಲಿ? ಬೇಡ ಅನ್ಸಿದ್ರೆ ಪಾಠ ಬಿಡಿಸಿಬಿಡಿ, ನಂಗೇನೂ ಬೇಜಾರಿಲ್ಲ. ಬದಲಾಯಿಸು ಅಂತ ಮಾತ್ರ ಕೇಳಬೇಡಿ."

"ಒಳ್ಳೇ ಪಾಠ ಪಕ್ಕದ ಮಗೂಗೆ, ಕೆಟ್ಟದ್ದು ನಮ್ಮ ಮಗೂಗೆ. ನಿಮ್ಮ ಮಗೂ ಆಗಿದ್ರೆ ಹಿಂಗೆ ಮಾಡ್ತಿದ್ರಾ?"

"ಕೆಟ್ಟದ್ದು ಅಂತ ಯಾರು ಹೇಳಿದ್ದು?"

ನನಗೆ ರೇಗಿಹೋಯಿತು. "ಚೀಟಿ ಸಮಾಚಾರ ನಂಗೆ ಹೇಳಬೇಡಿ. ನಮ್ಮ ಮಾವನ ಆಸ್ತಿ ಭಾಗ ಆದಾಗಲೂ ಅಮ್ಮನ ಗುಡಿ ಮುಂದೆ ಚೀಟಿನೇ ಹಾಕಿದ್ದು. ಮಾವನಿಗೆ ಕಿರೀ ಮಗ ಅಂದ್ರೆ ಪ್ರಾಣ, ಅವರ ಕೈಗೇ ಬಿಟ್ರೆ ಒಳ್ಳೇದೆಲ್ಲ ಅವನಿಗೇ ಕೊಡ್ತಾರೆ ಅಂತ ಊರವರು ಚೀಟಿ ಹಾಕ್ಸಿದ್ರು. ಬಾವಿ ಪಕ್ಕದ್ದು ಅವನಿಗೇ ಹೋಯ್ತು. ನಮಗೆ ಬಂದಿದ್ದು ಕಲ್ಲುಭೂಮಿ! ಹುರುಳಿ ಕೂಡ ಬೆಳೀತಿರಲಿಲ್ಲ. ನಾನು ಎಷ್ಟು ಅತ್ತಿದೀನಿ ಗೊತ್ತಾ? ಚೀಟಿ ಯಾವತ್ತೂ ನಮ್ಮನೆಗೆ ಅನ್ಯಾಯನೇ ಮಾಡಿರೋದು."

ಮೇಡಂ ಕನ್ನಡಕ ಇಳಿಸಿದರು. "ಆ ಬಾವಿ ಈಗ ಇದೆಯಾ ಅಜ್ಜಿ?"

"ಯಾವತ್ತೋ ಬತ್ತಿಹೋಯ್ತು."

"ಆ ಕಲ್ಲುಭೂಮಿ ಈಗ ಎಲ್ಲಿದೆ?"

ನಾನು ನನ್ನ ಕಾಲ ಕೆಳಗೆ ನೋಡಿದೆ. ನಾನು ಅದರ ಮೇಲೇ ನಿಂತಿದ್ದೆ. ಅವರೂ ಅದರ ಮೇಲೇ ಕೂತಿದ್ದರು. ರಸ್ತೆ ಬಂದದ್ದು ಕಲ್ಲುಭೂಮಿಯ ಪಕ್ಕ. ನಮ್ಮ ಮನೆ ಎದ್ದದ್ದು, ಮಗನ ಅಂಗಡಿ ಆದದ್ದು, ಈ ಮೇಡಂ ನಾಣ್ಯ ಹಾರಿಸಿ ಬಂದದ್ದು, ಎಲ್ಲಾ ಅದರ ಮೇಲೇ.

"ಅವತ್ತು ಯಾವುದು ಒಳ್ಳೇ ಪಾಲು ಅಂತ ನಿಮ್ಮ ಮಾವಂಗೂ ಗೊತ್ತಿರಲಿಲ್ಲ. ಇವತ್ತು ನಂಗೂ ಗೊತ್ತಿಲ್ಲ" ಅಂದರು ಮೇಡಂ, ಮೆಲ್ಲಗೆ.

ಮಾತು ಸರಿಯಾಗಿದ್ದರೇನು, ಸಿಟ್ಟು ಇಳಿಯಬೇಕಲ್ಲ! ಉಳಿದ ಹೋಳಿಗೆ ಎತ್ತಿಕೊಂಡು ಇಳಿದು ಬಂದೆ. ತಟ್ಟೆಯಲ್ಲಿ ಅವರು ವಾಪಸ್ಸಿಟ್ಟ ಹೋಳಿಗೆಯೂ ಇತ್ತು, ಅದನ್ನೂ ಬಿಡಲಿಲ್ಲ. ಇಳಿಯುತ್ತಾ ಇಳಿಯುತ್ತಾ ನನಗೆ ಮೊಸರು ನೆನಪಾಯಿತು.

ಅವರ ಗುಂಡಿ ಅವರು ಒತ್ತದಿದ್ದರೆ ಬೇಡ. ಪಕ್ಕದಲ್ಲಿ ಬಟ್ಟಲು ಇಡುವುದಕ್ಕೆ ನನಗೆ ಯಾರ ಅಪ್ಪಣೆ ಬೇಕು? ಮಾರನೆಯ ದಿನದಿಂದ ಕಾವ್ಯಳನ್ನೂ ಸಿಂಚನಳನ್ನೂ ತಾರಸಿಯಲ್ಲಿ ಒಂದೇ ಚಾಪೆಯ ಮೇಲೆ ಕೂರಿಸಿದೆ, ಫೋನುಗಳು ಎರಡು, ನಡುವೆ ಚುರುಮುರಿ ತಟ್ಟೆ ಒಂದು. ಒಂದೇ ತಟ್ಟೆ ಯಾಕೆಂದರೆ, ಎರಡು ತಟ್ಟೆ ಕೊಟ್ಟರೆ ದೂರ ದೂರ ಕೂರುತ್ತಾರೆ. ನಮ್ಮ ಹುಡುಗಿ ಕಾವ್ಯಳ ಫೋನು ಇಣುಕಿ ನೋಡಿ ದಾರಿ ಕಲಿಯಲಿ ಅಂತ ನನ್ನ ಲೆಕ್ಕ.

ನಡೆದದ್ದು ಬೇರೆ. ನಾನು ಹಪ್ಪಳ ಒಣಗಿಸುವ ನೆಪದಲ್ಲಿ ಅಲ್ಲೇ ಇರುತ್ತಿದ್ದೆ. ಕಾವ್ಯಳ ಫೋನು ಹೇಳಿದ ಹಾಗೆ ಅವಳು ಟಕಟಕ ಸರಿ ಉತ್ತರ ಹಾಕುವಳು. ಸಿಂಚನ ಇಣುಕಿ, "ಹೆಂಗೆ ಬಂತೇ?" ಅನ್ನುವಳು. "ಕೆಳಗಿನ ನಂಬರ್ ಒಂದೇ ಮಾಡು ಅಂತು, ಮಾಡ್ದೆ." "ಯಾಕೆ ಒಂದೇ ಮಾಡ್ಬೇಕು?" "ಅದು ಹೇಳ್ತು ಕಣೇ!" "ಅದು ಹೇಳ್ಲಿಲ್ಲ ಅಂದಿದ್ರೆ?" ಕಾವ್ಯ ತಲೆ ಕೆರೆದುಕೊಳ್ಳುವಳು. ಹೀಗೇ ಜಗಳ ನಡೆಯುತ್ತಿತ್ತು. ಒಂದು ದಿನ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವ ಲೆಕ್ಕ. ಸಿಂಚನ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದರಲ್ಲಿ ಎರಡು ಅಂತ ಹಾಕಿದಳು. ಫೋನು, "ಹೇಗೆ ಬಂತು, ಹೇಳು ನೋಡೋಣ" ಅಂದಿತು. ಅವಳು ಫೋನು ಎಸೆಯುತ್ತಾಳೆ ಅಂತ ನಾನು ಹಪ್ಪಳ ಬಿಟ್ಟು ಎದ್ದೆ. ಎಸೆಯಲಿಲ್ಲ. ಬೆರಳು ಮಡಿಸಿ ಏನೋ ಎಣಿಸಿದಳು. ಆಮೇಲೆ ಕಾವ್ಯಳ ತೋಳು ಹಿಡಿದು ಅಲ್ಲಾಡಿಸಿದಳು.

"ಲೇ, ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಕಣೇ! ಅರ್ಧ ದೋಸೆ ತಿಂದು, ಮೇಲೆ ಇನ್ನೂ ಚೂರು ತಿಂದ್ರೆ, ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ? ನಾನು ಮಾಡಿದ್ದು ತಪ್ಪು! ಸಖತ್ ತಪ್ಪು!"

ತಪ್ಪು ಮಾಡಿದೆ ಅಂತ ಕುಣಿದ ಮಗುವನ್ನು ನಾನು ಅವತ್ತೇ ನೋಡಿದ್ದು. "ಹಂಗಾದ್ರೆ ಒಂದೇ ಸೈಜಿನ ತುಂಡು ಮಾಡ್ಕೊಂಡ್ರೆ ಮಾತ್ರ ಎಣಿಸೋಕಾಗೋದು" ಅಂತ ಸಿಂಚನ ಕಾವ್ಯಳಿಗೆ ಹೇಳುತ್ತಿದ್ದಳು. "ಓ, ಅದಕ್ಕಾ ಅದು ಒಂದೇ ಮಾಡು ಅಂದಿದ್ದು!" ಅಂತ ಕಾವ್ಯ. ನನಗೆ ಆ ಲೆಕ್ಕ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ನಮ್ಮ ಹುಡುಗಿ ಇನ್ನೊಬ್ಬಳಿಗೆ ಹೇಳಿಕೊಡುತ್ತಿದ್ದಾಳೆ ಅನ್ನುವುದು ಪೂರಾ ಅರ್ಥವಾಯಿತು.

ತಿರುಗಿ ನೋಡಿದರೆ ಮೇಡಂ. ಒಗೆದ ಬಟ್ಟೆ ಹರವುವುದಕ್ಕೆ ಬಂದವರು, ಬಕೆಟ್ಟು ಕೆಳಗಿಟ್ಟು, ಒದ್ದೆ ದುಪಟ್ಟಾ ಕೈಯಲ್ಲೇ ಹಿಡಿದು ನಿಂತಿದ್ದರು. ನೀರು ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಜ್ಜಿ, ಇವರಿಬ್ಬರನ್ನ ಜೊತೇಲಿ ಕೂರಿಸಿದ್ದು ಯಾರು?"

"ನಾನೇ. ಪಕ್ಕದ ಬಟ್ಟಲಿನ ಗಾಳಿ ಬಡೀಲಿ ಅಂತ."

ಬೈಯುತ್ತಾರೆ ಅಂತ ಸೆರಗು ಸಿಕ್ಕಿಸಿಕೊಂಡು ತಯಾರಾದೆ. ಅವರು ಬಟ್ಟೆಯ ಬಕೆಟ್ಟಿನ ಪಕ್ಕ ನೆಲಕ್ಕೇ ಕೂತು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡದ್ದು ಒದ್ದೆ ದುಪಟ್ಟಾದಲ್ಲಿ. "ನನ್ನ ಪ್ರಯೋಗಕ್ಕೂ ಶಾಲು ಸುತ್ತಿಬಿಟ್ರಲ್ಲ ಅಜ್ಜಿ!"

"ಇವರಿಬ್ಬರನ್ನ ಲೆಕ್ಕದಿಂದ ತೆಗೆದುಬಿಡಿ, ಅಷ್ಟೇ ತಾನೇ."

"ತೆಗೆಯೋ ಹಾಗಿಲ್ಲ. ಚೀಟಿ ಹೇಗೆ ಬಂತೋ ಹಾಗೇ ಇರಬೇಕು. ಹೀಗಾಯ್ತು ಅಂತ ಎಲ್ಲರಿಗೂ ಹೇಳ್ತೀನಿ, ಮುಚ್ಚಿಡಲ್ಲ. ಹೀಗೆ ಇನ್ನೆಷ್ಟು ತಾರಸಿ ಇದೆಯೋ ಯಾರಿಗೆ ಗೊತ್ತು." ಆಮೇಲೆ ಸಿಂಚನಳ ಕಡೆ ನೋಡಿದರು, ಆ ನೋಟ ನಾನು ಮರೆತಿಲ್ಲ. ಬಕೆಟ್ಟಿಗೆ ನೀರು ತುಂಬುವುದನ್ನು ನೋಡಿದ ನೋಟವೇ. ಒಂದು ಹನಿಯೂ ತಪ್ಪಿಹೋಗಬಾರದು ಅನ್ನುವ ಹಾಗೆ.

ಅವರ ಆಫೀಸಿನಲ್ಲಿ ಈ ತೊಂದರೆಯನ್ನು ಈಗ ಮೊಸರು ಅಂತಲೇ ಕರೆಯುತ್ತಾರಂತೆ. ಮುಂದಿನ ಸಲ ಮಗು ಮಗುವಿಗೆ ಚೀಟಿ ಇಲ್ಲ, ಶಾಲೆ ಶಾಲೆಗೇ ಚೀಟಿ ಅಂತ ಮಾಡಿದರು, ಒಂದು ಶಾಲೆಯ ಗಾಳಿ ಇನ್ನೊಂದಕ್ಕೆ ಬಡಿಯದಿರಲಿ ಅಂತ. ಇಬ್ಬಿಬ್ಬರನ್ನು ಜೊತೆಯಲ್ಲಿ ಕೂರಿಸುವುದು ಅಂತ ಮೂರನೆಯ ಥರವನ್ನೂ ಸೇರಿಸಿದರು. "ಚುರುಮುರಿ ಸೇರಿಸಿದ್ರಾ?" ಅಂದೆ. "ಬಜೆಟ್ ಇಲ್ಲ ಅಜ್ಜಿ" ಅಂದರು.

ಮೊದಲನೆಯ ಪ್ರಯೋಗದ ಫಲ ಬಂದ ದಿನ ಜಿಲೇಬಿ ಹಿಡಿದುಕೊಂಡು ಬಂದರು. ಯಾವುದು ಗೆದ್ದಿತು ಅಂತ ನಾವೆಲ್ಲ ಕಾದಿದ್ದೆವು, ಮಗ ಕೂಡ ಟಿವಿ ಆರಿಸಿದ.

"ಎರಡಕ್ಕೂ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇಲ್ಲ."

"ಅಷ್ಟಕ್ಕೆ ಜಿಲೇಬಿನಾ?" ಅಂದ ಮಗ. "ಅಂಗಡಿ ಇಟ್ಟು, ವರ್ಷಗಟ್ಟಲೆ ಕೂತು, ವ್ಯಾಪಾರ ಆಗ್ಲಿಲ್ಲ ಅಂತ ಸ್ವೀಟ್ ಹಂಚಿದ ಹಾಗಾಯ್ತು."

"ದಾರಿ ತೋರಿಸೋ ಪಾಠ ಅದ್ಭುತ ಅಂತ ನಮ್ಮ ಆಫೀಸಿನವರು ಜಾಹೀರಾತು ಹಾಕೋಕೆ ಹೊರಟಿದ್ರು ಸಾರ್. ಈಗ ಹಾಕಲ್ಲ. ಒಂದು ಸುಳ್ಳು ತಪ್ಪಿತು. ಜಿಲೇಬಿ ಅದಕ್ಕೆ." ಆಮೇಲೆ ನನ್ನ ಕಡೆ ತಿರುಗಿ, "ಹೆದರೋ ಮಕ್ಕಳಿಗೆ ಒಂದು ಥರ, ಹೆದರದೆ ಇರೋರಿಗೆ ಒಂದು ಥರ ಹೊಂದಬಹುದೇನೋ ಅಂತ ಒಂದು ಸಣ್ಣ ಸುಳಿವಿದೆ."

"ಬಹುದೇನೋ?"

"ಬಹುದೇನೋ. ಮತ್ತೆ ನೋಡ್ಬೇಕು."

ಈ ಬಹುದೇನೋ ಅನ್ನುವ ಹೆಂಗಸಿನ ಜೊತೆ ಹೇಗೆ ಬದುಕುವುದು ಹೇಳಿ. ಆದರೂ ನನಗೆ ಬೇಕಾದ ಫಲ ಆಗಲೇ ಬಂದಿತ್ತು. ಗಣಿತದ ಪರೀಕ್ಷೆಯ ದಿನ ಓಂಕಾಳಿನ ಡಬ್ಬಿ ಕೇಳುವವರೇ ಇರಲಿಲ್ಲ. ಒಂದು ದಿನ ನಾನು, ಕೊಬ್ಬರಿ ಎಣ್ಣೆ ಹಾಕಿದ್ದಕ್ಕೇ ನಿನ್ನ ಕೂದಲು ಇಷ್ಟುದ್ದ ಬಂದದ್ದು ಅಂದರೆ, ಸಿಂಚನ ಕುತ್ತಿಗೆ ವಾಲಿಸಿ, "ಇಲ್ದಿದ್ರೆ?" ಅಂದಳು. ಗಾಳಿ ಬಡಿದಿತ್ತು.

ಕಳೆದ ವರ್ಷ ಮೇಡಂ ಮನೆ ಖಾಲಿ ಮಾಡಿದರು. ಮೈಸೂರಿನಲ್ಲಿ ಅವರ ತಾಯಿಗೆ ಕಾಲು ಮುರಿದಿತ್ತು, ನೋಡಿಕೊಳ್ಳುವುದಕ್ಕೆ ಹೋದರು. ಕೆಲಸ ಅಲ್ಲಿಂದಲೇ ಮಾಡುತ್ತಾರಂತೆ. ಸಾಮಾನಿನ ಗಾಡಿ ಗೇಟಿನ ಹತ್ತಿರ ನಿಂತಾಗ ನಾನು ಅವರ ಕೈ ಹಿಡಿದುಕೊಂಡೆ. "ಈಗಲಾದ್ರೂ ಒಪ್ಕೊಳ್ಳಿ. ಹುಡುಗಿ ಸರಿಹೋಗಿದ್ದು ನಿಮ್ಮಿಂದಲೇ."

"ನಾನಲ್ಲದೆ ಇರಬಹುದು. ನೀವು ಕೂರಿಸಿದ ಚಾಪೆ ಇರಬಹುದು, ಕಾವ್ಯ ಇರಬಹುದು. ಸುಮ್ಮನೆ ಒಂದು ವರ್ಷ ದೊಡ್ಡವಳಾದಳು, ಅದೂ ಇರಬಹುದು. ನಾನು ಇಲ್ದಿದ್ರೆ ಅಂತ ನೋಡೋಕೆ ಇದೇ ಥರದ ಇನ್ನೊಂದು ಮನೆ ಬೇಕಿತ್ತು ಅಜ್ಜಿ. ಅದರಲ್ಲೂ ಒಬ್ಬಳು ಸಿಂಚನ, ಒಬ್ಬರು ಅಜ್ಜಿ." ಅಷ್ಟು ಹೇಳಿ ನನ್ನ ಕೈ ಬಿಡಲಿಲ್ಲ. "ಎಲ್ಲಿ ತರಲಿ? ಇರೋದು ಒಬ್ಬರೇ" ಅಂದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕಾವ್ಯಳ ಅಮ್ಮ ಮೇಲಿಂದ ಓಡಿಬಂದಳು, ಅವರ ಕನ್ನಡಕ ಕಿಟಕಿಯಲ್ಲೇ ಉಳಿದಿತ್ತು. ಕೊರಿಯರ್ ಮಾಡಿಸಿದೆ.

ಮೊನ್ನೆ 'ಮೇಡಂ ಪುಣ್ಯ' ಅನ್ನುವ ಮಾತು ಕೇಳಿಕೊಂಡು ಬಂದವಳು, ಕೈಯಲ್ಲಿನ ತುಪ್ಪದ ಜಿಡ್ಡಿನಲ್ಲೇ ಫೋನು ಮಾಡಿದೆ. "ಮೇಡಂ, ನಮ್ಮ ಹುಡುಗಿ ಗಣಿತ ತಗೊಂಡ್ಲು! ಕಿಟಕಿಯವರು ಯಾವ ಸಬ್ಜೆಕ್ಟು ಅಂದ್ರು, ಇವಳು ಗಣಿತ ಅಂದ್ಲು. ನಾನು ಪಕ್ಕದಲ್ಲೇ ಇದ್ದೆ!"

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಮಾತ್ರ ಬಂತು.

ನಾನು ಕಾದೆ. ಬರುತ್ತದೆ, ಈಗ ಬರುತ್ತದೆ ಅಂತ ಕಾದೆ. ಬರಲಿಲ್ಲ. ಕೊನೆಗೆ ನಾನೇ ಕೇಳಬೇಕಾಯಿತು. "ಏನ್ರೀ, ಇಲ್ದಿದ್ರೆ ಅಂತ ಕೇಳಲ್ವಾ?"

"ಇವತ್ತೊಂದು ದಿನ ಬೇಡ ಅಜ್ಜಿ."

ಅಷ್ಟೇ ಅಂದರು. ಅಳುವ ಬದಲು ಬೈದುಬಿಡುವುದು ನನ್ನ ಅಭ್ಯಾಸ, ಆದರೆ ಬೈಯುವುದಕ್ಕೂ ಏನೂ ಹೊಳೆಯಲಿಲ್ಲ. ಮೈಸೂರು ಪಾಕು ಕಳಿಸುತ್ತೇನೆ ಅಂದು ಫೋನು ಇಟ್ಟೆ.

ಇವತ್ತು ಬೆಳಿಗ್ಗೆ ಎದ್ದು ಮತ್ತೆ ಬಾಣಲೆ ಇಟ್ಟೆ. ಒಂದು ಪಾಕ ನಂದಿನಿ ತುಪ್ಪದಲ್ಲಿ, ಇನ್ನೊಂದು ನಾನೇ ಬೆಣ್ಣೆ ಕಾಯಿಸಿದ ತುಪ್ಪದಲ್ಲಿ. ಬೀದಿಯವರಿಗೆಲ್ಲ ಒಂದೊಂದೇ ಡಬ್ಬಿ, ಮೈಸೂರಿಗೆ ಮಾತ್ರ ಎರಡು. ಸಿಂಚನ ಎರಡಕ್ಕೂ ಒಂದೇ ಥರದ ಕಾಗದ ಸುತ್ತಿದಳು. ಯಾವುದರಲ್ಲಿ ಯಾವುದು ಅಂತ ಬರೆಯಲಾ ಅಂತ ಕೇಳಿದಳು. ಬೇಡ ಅಂದೆ. ಕಣ್ಣು ಮುಚ್ಚಿ ತಿಂದು ಹೇಳಲಿ.